ಡೆಕ್ಕಿನ ಬಾಯಿಗೆ ಕುಂಕುಮ

ಮೊದಲೇ ಹೇಳಿಬಿಡ್ತೀನಿ, ಆ ಡೆಕ್ಕನ್ನು ಸರಿಮಾಡಿದ್ದು ನಾನು. ನಮ್ಮ ಯಜಮಾನರಲ್ಲ, ಹೊಸೂರು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನಲ್ಲ, ಬೇರೆ ಯಾರೂ ಅಲ್ಲ. ಈಗ ನೆಂಟರಿಷ್ಟರು ಬಂದರೆ ನಮ್ಮ ಯಜಮಾನರು ಕಾಲಮೇಲೆ ಕಾಲು ಹಾಕಿಕೊಂಡು "ನಾವೇ ಬಿಚ್ಚಿ ಸರಿಮಾಡಿದ್ವಿ" ಅಂತಾರೆ. ಆ "ನಾವೇ" ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತೆ. ಅವರು ಮಾಡಿದ್ದು ಟಾರ್ಚ್ ಹಿಡಿದುಕೊಂಡು ನಿಂತಿದ್ದು. ಅದನ್ನೂ ನೆಟ್ಟಗೆ ಹಿಡಿಯಲಿಲ್ಲ.

ಡೆಕ್ಕು ಅಂದರೆ ಕ್ಯಾಸೆಟ್ ಹಾಕಿ ಟೀವಿಯಲ್ಲಿ ಸಿನಿಮಾ ನೋಡೋ ಪೆಟ್ಟಿಗೆ. ಬೇರೆ ಕಡೆ ವಿಸಿಆರ್ ಅಂತಾರಂತೆ, ನಮ್ಮ ಕಡೆ ತಮಿಳರು, ತೆಲುಗರು, ನಾವು, ಎಲ್ಲರಿಗೂ ಅದು ಡೆಕ್ಕೇ. ಅವಲಪಲ್ಲಿಯಲ್ಲಿ ನಮ್ಮ ಮನೆ ಸುತ್ತ ಇನ್ನೂ ರಾಗಿ ಹೊಲ ಇದ್ದಾಗ ನಮ್ಮ ಮಾವ ಆಸೆಪಟ್ಟು ತಂದಿದ್ದು. ಈಗ ಹೊಲದಲ್ಲೆಲ್ಲಾ ಮಹಡಿ ಮನೆಗಳು ಎದ್ದಿವೆ, ಮಾವನೂ ಇಲ್ಲ. ಡೆಕ್ಕು ಮಾತ್ರ ಶೋಕೇಸಿನಲ್ಲಿ ಹಾಗೇ ಕೂತಿತ್ತು. ಅದನ್ನು ಗುಜರಿಗೆ ಹಾಕೋಣ ಅಂದರೆ ಅತ್ತೆ ಬಿಡ್ತಿರಲಿಲ್ಲ. "ಅವ್ರು ತಂದದ್ದು, ಇರ್ಲಿ ಬುಡು" ಅಂತಿದ್ದರು.

ಅತ್ತೆ ವಿಷಯ ಹೇಳದೆ ಈ ಕಥೆ ಮುಂದಕ್ಕೆ ಹೋಗೋದಿಲ್ಲ. ಎಂಬತ್ತರ ಹತ್ತಿರ ವಯಸ್ಸು. ಕಣ್ಣಿಗೆ ಆಪರೇಷನ್ ಆದಮೇಲೆ ನನಗಿಂತ ಚೆನ್ನಾಗಿ ಕಾಣುತ್ತೆ. ನಾಲಿಗೆಗಂತೂ ಯಾವತ್ತೂ ಯಾವ ರಿಪೇರಿಯೂ ಬೇಕಾಗಿಲ್ಲ. ಕೆಟ್ಟವರಲ್ಲ, ನನ್ನ ಎರಡು ಬಾಣಂತನವನ್ನೂ ಒಬ್ಬರೇ ನಿಂತು ಮಾಡಿದವರು. ಆದರೆ ಒಂದು ಮಾತು ಹಿಡಿದರೆ ಮುಗಿಯಿತು, ಉಡದ ಪಟ್ಟು. ನಾನು ಮದುವೆಯಾಗಿ ಬಂದಾಗಿನಿಂದ ಅವರು ಹಿಡಿದಿದ್ದ ಮಾತು ಒಂದೇ: ನಮ್ಮಪ್ಪ ನನ್ನನ್ನು ಒಪ್ಪಿಸಿಕೊಡಲಿಲ್ಲ ಅನ್ನೋದು.

ನಮ್ಮಲ್ಲಿ ಮದುವೆ ಎಲ್ಲಾ ಮುಗಿದು ಹುಡುಗಿ ಗಂಡನ ಮನೆಗೆ ಹೊರಡೋ ಮುಂಚೆ ಹೆಣ್ಣು ಒಪ್ಪಿಸೋ ಶಾಸ್ತ್ರ ಅಂತ ಮಾಡ್ತಾರೆ. ಒಂದು ಬಟ್ಟಲಲ್ಲಿ ಹಾಲು ಇಟ್ಟಿರ್ತಾರೆ. ಹೆತ್ತ ಅಪ್ಪ ಮಗಳ ಕೈ ಹಿಡಿದು ಆ ಹಾಲಲ್ಲಿ ಅದ್ದಿ, ಅತ್ತೆ ಮಾವನ ಕೈಗೆ ಇಡಬೇಕು. ಇನ್ನುಮೇಲೆ ಇವಳು ನಿಮ್ಮ ಮಗಳು ಅಂತ ಅರ್ಥ. ಅಪ್ಪ ಇಲ್ಲದವರಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ ಮಾಡ್ತಾರೆ. ಅಪ್ಪ ಗಟ್ಟಿಮುಟ್ಟಾಗಿ ಇದ್ದೂ ಬೇರೆಯವರು ಮಾಡಿದರೆ, ಅದು ಬಿಟ್ಟಿ ಹೆಣ್ಣು ಅನ್ನೋ ಲೆಕ್ಕ.

"ನಿಮ್ಮ ದೊಡ್ಡಪ್ಪ ಕಣಮ್ಮ ನಿನ್ನ ಒಪ್ಸಿದ್ದು. ನಿಮ್ಮಪ್ಪ ಎಲ್ಲಿ ಹೋಗ್ಬುಟ್ಟಿದ್ನೋ ಏನೋ" ಅಂತ ಅತ್ತೆ ಬೇಸರವಾದಾಗೆಲ್ಲಾ, ಮಾವ ಎದುರಿಗಿಲ್ಲದಾಗ, ಒಂದು ಚುಚ್ಚು ಚುಚ್ಚೋರು. "ಇಲ್ಲ, ನಮ್ಮಪ್ಪನೇ" ಅಂತ ನಾನೂ ಬಿಡ್ತಿರಲಿಲ್ಲ. ನಿಜ ಹೇಳಬೇಕು ಅಂದರೆ ನನಗೂ ಪೂರ್ತಿ ಗೊತ್ತಿರಲಿಲ್ಲ, ಅಪ್ಪನನ್ನು ಕೇಳೋ ಧೈರ್ಯವೂ ಬರಲಿಲ್ಲ. ಆವತ್ತು ತಲೆ ತಗ್ಗಿಸಿಕೊಂಡು ಅತ್ತಿದ್ದೊಂದೇ ನೆನಪು. ಕಣ್ಣು ತುಂಬಾ ನೀರು, ಮುಖದ ಮುಂದೆ ಬಾಸಿಂಗ. ಹಾಲಲ್ಲಿ ನೆಂದ ಒಂದು ಒರಟು ಕೈ ನನ್ನ ಕೈ ಹಿಡಿದಿತ್ತು, ಅಷ್ಟೇ. ದೊಡ್ಡಪ್ಪನೂ ಹೊಲ ಉಳುತ್ತಿದ್ದವರೇ, ಅವರ ಕೈಯೂ ಒರಟೇ. ಆದರೂ ಅದು ಅಪ್ಪನ ಕೈ ಅಂತಲೇ ನಾನು ಇಷ್ಟು ವರ್ಷ ಬದುಕಿದ್ದು. ಅಪ್ಪ ತೀರಿಹೋದ ಮೇಲೆ ಆ ಮಾತು ಕೇಳಿದರೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ ಆಗೋದು. ಆದರೂ ಮನೆಯೊಳಗಿನ ಮಾತು, ನುಂಗಿಕೊಂಡು ಇದ್ದೆ.

ಮಗಳ ನಿಶ್ಚಿತಾರ್ಥದ ದಿನ ಅದು ಮನೆಯೊಳಗೆ ನಿಲ್ಲಲಿಲ್ಲ. ಹುಡುಗ ಆಲಸನತ್ತಂ ಕಡೆಯವನು, ಒಳ್ಳೆ ಮನೆತನ. ಹೊಸ ಬೀಗರು ಊಟಕ್ಕೆ ಏಳೋ ಹೊತ್ತಿಗೆ ಅತ್ತೆ ತಮಾಷೆಗೆ ಅಂತ ಬಾಯಿಬಿಟ್ಟರು. "ಎಲ್ಲಾ ಚೆಂದಾಗಿ ನಡೀಲಿ ಬೀಗರೆ. ಒಪ್ಸೋ ಹೊತ್ಗೆ ಮಾತ್ರ ಹೆಣ್ಣಿನ ಕಡೆಯೋರು ಮಾಯ ಆಗ್ಬಾರ್ದು. ನನ್ ಸೊಸೆ ಮದ್ವೇಲಿ ಇವ್ಳಪ್ಪ ಮಾಯ ಆಗ್ಬುಟ್ಟಿದ್ದ!"

ಬೀಗರು ನಕ್ಕರು. ಪಾಪ, ಅವರಿಗೇನು ಗೊತ್ತು. ಎಲೆ ಅಡಿಕೆ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ನನ್ನ ತಮ್ಮ. ತಟ್ಟೆ ಕೆಳಗಿಟ್ಟ, ಚಪ್ಪಲಿ ಮೆಟ್ಟಿಕೊಂಡ, ಊಟ ಕೂಡ ಮಾಡದೆ ಗಾಡಿ ಹತ್ತಿ ನಮ್ಮ ತವರೂರು ಸೂಳಗಿರಿಗೆ ಹೊರಟುಹೋದ. ಸಾಯಂಕಾಲ ಫೋನ್ ಮಾಡಿದರೆ ಒಂದೇ ಮಾತು. "ಅಕ್ಕ, ಸತ್ತಿರೋ ಅಪ್ಪನ್ನ ಎದುರಿಗೇ ಆಡ್ಕೊಂಡ್ರು. ಆ ಮನೆ ಬಾಗ್ಲಿಗೆ ನಾನಿನ್ನು ಬರಲ್ಲ. ಮದ್ವೆಗೆ ಬೇರೆ ಯಾರ್ನಾದ್ರೂ ನೋಡ್ಕೊ."

ಬೇರೆ ಯಾರನ್ನು ನೋಡಿಕೊಳ್ಳಲಿ? ನನಗಿರೋನು ಒಬ್ಬನೇ ತಮ್ಮ. ಸೋದರಮಾವ ಕೈ ಹಿಡಿದು ಕರೆದುಕೊಂಡು ಬರದೆ ನಮ್ಮಲ್ಲಿ ಹುಡುಗಿ ಹಸೆಮಣೆ ಹತ್ತೋ ಹಾಗೇ ಇಲ್ಲ. ಮಗಳು ಮೂಲೆ ಹಿಡಿದು ಕೂತಳು. ತಮ್ಮನ ಹತ್ತಿರ ಕ್ಷಮೆ ಕೇಳಿ ಅಂತ ಅತ್ತೆಗೆ ಹೇಳಿದರೆ, "ಇರೋದು ಹೇಳಿದ್ರೆ ತಪ್ಪಾ? ನನ್ ಕಣ್ಣಾರೆ ಕಂಡಿದ್ದು" ಅಂತ ಎಲೆ ಅಡಿಕೆ ಕುಟ್ಟುತ್ತಾ ಕೂತರು. ಇತ್ತ ತಮ್ಮ ಮೊಂಡ, ಅತ್ತ ಇವರು ಅವನಿಗಿಂತ ಮೊಂಡರು, ನಡುವೆ ನಾನು.

ಆಗ ನೆನಪಾಗಿದ್ದು ಕ್ಯಾಸೆಟ್ಟು.

ನನ್ನ ಮದುವೆಗೆ ಅಪ್ಪ ಕೃಷ್ಣಗಿರಿಯಿಂದ ವಿಡಿಯೋದವನನ್ನು ಕರೆಸಿದ್ದ. ಕಣ್ಣು ಕುಕ್ಕೋ ಅಂಥ ಲೈಟು ಹಿಡಿದುಕೊಂಡು ಊರೆಲ್ಲಾ ಓಡಾಡಿ ಎರಡು ಕ್ಯಾಸೆಟ್ ಮಾಡಿಕೊಟ್ಟಿದ್ದ. ಮೊದಲನೆಯದರಲ್ಲಿ ಅರಿಶಿನ, ಧಾರೆ, ತಾಳಿ. ಅದನ್ನು ಎರಡೂ ಮನೆಯವರು ಸವೆಯೋವರೆಗೂ ನೋಡಿದ್ದೀವಿ. ಎರಡನೆಯದರಲ್ಲಿ ಊಟದ ಪಂಕ್ತಿ, ಮುಯ್ಯಿ, ಕಡೆಗೆ ಒಪ್ಪಿಸೋ ಶಾಸ್ತ್ರ. ಅದು ನಮ್ಮೂರಲ್ಲೇ ಉಳಿದುಹೋಗಿತ್ತು, ಅತ್ತೆ ಮನೆಗೆ ಬರಲೇ ಇಲ್ಲ. ಒಂದು ಸಾರಿ ಬಾಡಿಗೆ ಡೆಕ್ ತಂದು ಹಾಕಿದಾಗ, ಊಟದ ಪಂಕ್ತಿ ಮುಗೀತಿದ್ದ ಹಾಗೇ ಅಪ್ಪ ಎದ್ದು, "ಸಾಕು ಆಫ್ ಮಾಡ್ರಲಾ, ಎಮ್ಮೆ ಕರೆಯೋ ಹೊತ್ತಾಯ್ತು" ಅಂದುಬಿಟ್ಟ. ಎಮ್ಮೆ ಆಗಲೇ ಕರೆದಾಗಿತ್ತು. ಆದರೆ ಅಪ್ಪನ ಮುಂದೆ ಮಾತಾಡೋರು ಯಾರು? ಹಾಗಾಗಿ ಆ ಕಡೇ ಭಾಗವನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ತಮ್ಮ ಮನೆ ಒಡೆದು ಕಟ್ಟಿಸಿದಾಗ ಅಮ್ಮನ ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಸಿಕ್ಕಿತು ಅಂತ ನನಗೆ ತಂದುಕೊಟ್ಟಿದ್ದ. ನಾನು ಬೀರುವಿನಲ್ಲಿ ಇಟ್ಟು ಮರೆತಿದ್ದೆ.

ಇದೊಂದು ಓಡಿದರೆ ಸಾಕು, ಎಲ್ಲರ ಬಾಯಿ ಮುಚ್ಚಿಸ್ತೀನಿ ಅಂದುಕೊಂಡೆ. ಕ್ಯಾಸೆಟ್ಟನ್ನು ಪೆನ್ ಡ್ರೈವಿಗೆ ಹಾಕಿಕೊಡ್ತಾರೆ ಅಂತ ಹೊಸೂರು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯವನು ಕ್ಯಾಸೆಟ್ಟಿನ ಕಿಟಕಿಯಲ್ಲಿ ಒಂದು ಸಾರಿ ಇಣುಕಿ, "ಪೂಸಣಂ ಪುಡಿಚ್ಚಿಡುಚ್ಚಮ್ಮಾ, ತೂಕ್ಕಿ ಪೋಡುಂಗ" ಅಂದ. ಬೂಷ್ಟು ಹಿಡಿದಿದೆ, ಬಿಸಾಕಿ ಅಂತ. ಬಿಸಾಕಬೇಕಂತೆ! ನಮ್ಮಪ್ಪ ಇರೋ ಕ್ಯಾಸೆಟ್ಟು. "ಉನ್ ವೇಲೆಯೆ ಪಾರುಪ್ಪಾ", ನಿನ್ನ ಕೆಲಸ ನೋಡ್ಕೊಳಪ್ಪ, ಅಂತ ಹೇಳಿ ಕಿತ್ತುಕೊಂಡು ಬಂದೆ. ಬಸ್ಸಿನಲ್ಲಿ ಕೂತು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರೆ ನುಸಿಗುಳಿಗೆ ವಾಸನೆ. ಅಮ್ಮ ಸೀರೆಗೆ ಹುಳ ಬೀಳದಿರಲಿ ಅಂತ ಟ್ರಂಕಿಗೆ ಹಾಕ್ತಿದ್ದ ಬಿಳಿ ಗುಳಿಗೆ ಪುಡಿಯಾಗಿ ಅಂಟಿಕೊಂಡಿತ್ತು. ಬೂಷ್ಟು ಯಾವುದು, ನುಸಿಗುಳಿಗೆ ಯಾವುದು ಅಂತ ಗೊತ್ತಿಲ್ಲದವನು ಅಂಗಡಿ ಇಟ್ಟಿದ್ದಾನೆ.

ಪುಡಿಯನ್ನು ಉಫ್ ಉಫ್ ಅಂತ ಊದಿ ಕೊಡವಿದೆ. ಭಾನುವಾರ ಯಜಮಾನರಿಗೆ ಶಿಫ್ಟ್ ಇರಲಿಲ್ಲ. ಡೆಕ್ಕನ್ನು ಇಳಿಸಿ ಹೊಸ ಟೀವಿಗೆ ಸಿಕ್ಕಿಸಿ ಅಂದೆ. ಹಳದಿ, ಬಿಳಿ, ಕೆಂಪು ವೈರುಗಳನ್ನು ಸಿಕ್ಕ ಸಿಕ್ಕ ತೂತಿಗೆ ಸಿಕ್ಕಿಸಿ, ಟೀವಿ ನೀಲಿಯಾಗಿದ್ದನ್ನು ನೋಡಿ, "ಇದು ಇದಕ್ಕೆ ಹೊಂದಲ್ಲ ಕಣೆ" ಅಂದುಬಿಟ್ಟರು. ಬಣ್ಣಕ್ಕೆ ಬಣ್ಣ ಸೇರಿಸಬೇಕು ಅನ್ನೋದು ಮಗೂಗೂ ಗೊತ್ತಾಗುತ್ತೆ. ನಾನು ಕಿತ್ತು ನೆಟ್ಟಗೆ ಸಿಕ್ಕಿಸಿದೆ, ರಿಮೋಟಿನಲ್ಲಿ ಟೀವಿಯನ್ನು ಆ ವೈರಿನ ಕಡೆಗೆ ತಿರುಗಿಸಿದೆ. ಕ್ಯಾಸೆಟ್ ಹಾಕಿದೆ. ಡೆಕ್ಕು ಗರ್ ಅಂದು ನುಂಗಿತು.

ಟೀವಿ ತುಂಬಾ ಬರೀ ಚುಕ್ಕೆ. ಬಿಳಿ ಚುಕ್ಕೆ, ಕರಿ ಚುಕ್ಕೆ, ರಾಗಿ ಹಿಟ್ಟು ಎರಚಿದ ಹಾಗೆ. ನಡುನಡುವೆ ಯಾರದೋ ನೆರಳು ಬಂದಂತಾಗಿ ಮಾಯವಾಗೋದು. ಆದರೆ ದನಿ! ದನಿ ಮಾತ್ರ ಚೊಕ್ಕವಾಗಿ ಬರ್ತಿತ್ತು. ಓಲಗ, ಹೆಂಗಸರ ಗಲಾಟೆ, "ಸಾರು ಇತ್ಲಾಗೆ ತಗೊಂಬಾರಪ್ಪೋ" ಅಂತ ಪಂಕ್ತಿಯಲ್ಲಿ ಯಾರೋ ಕೂಗಿದ್ದು. ನಾನು ಮುಂದಕ್ಕೆ ಓಡಿಸಿದೆ. ಕಡೆಗೆ ಅದೂ ಬಂತು. ಜನ ಗುಜುಗುಜು ಅಂತಿದ್ದ ಹಾಗೆ ನಮ್ಮೂರ ಐನೋರ ದನಿ ಕೇಳಿಸಿತು. "ಹೆಣ್ಣಿನ ಅಪ್ಪ ಎಲ್ಲಪ್ಪಾ? ಕರೀರಿ ಬೇಗ, ರಾಹುಕಾಲ ಬತ್ತದೆ!" ಇನ್ನೊಬ್ಬರು, "ಎಲ್ಲೂ ಕಾಣಾಕಿಲ್ಲ ಸ್ವಾಮಿ." ಮತ್ತೊಬ್ಬರು, "ದೊಡ್ಡಪ್ಪನ್ನ ಕರೀರಿ, ದೊಡ್ಡಪ್ಪ ಮಾಡ್ಲಿ." ಆಮೇಲೆ ಓಲಗ ಜೋರಾಗಿ ಎಲ್ಲಾ ಮುಚ್ಚಿಹೋಯಿತು.

ಅತ್ತೆ ಎಲೆ ಅಡಿಕೆ ಕುಟ್ಟೋದು ನಿಲ್ಲಿಸಿದರು. "ಕೇಳಿದ್ಯಾ? ಕೇಳಿಸ್ತಾ? ನಾನು ಹೇಳಿದ್ದೇನು? ಎಲ್ಲಿ ಎಲ್ಲಿ ಅಂತ ಊರೇ ಕೂಗ್ತಾ ಐತೆ!"

ನನ್ನ ಮುಖಕ್ಕೆ ಹೊಡೆದಂತಾಯಿತು. ಅತ್ತೆ ಬಾಯಿ ಮುಚ್ಚಿಸೋಣ ಅಂತ ತೆಗೆದ ಕ್ಯಾಸೆಟ್ಟೇ ಅಪ್ಪನ ಮೇಲೆ ಸಾಕ್ಷಿ ಹೇಳ್ತಿದೆ. ಯಜಮಾನರು ಮೆಲ್ಲಗೆ, "ಬುಡೆ ಅತ್ಲಾಗೆ, ಕ್ಯಾಸೆಟ್ಟೇ ಹಾಳಾಗೈತೆ" ಅಂದರು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ದನಿ ಇಷ್ಟು ಚೆನ್ನಾಗಿ ಬರೋ ಕ್ಯಾಸೆಟ್ಟು ಹಾಳಾಗಿದೆ ಅಂದರೆ ಹೇಗೆ ನಂಬಲಿ? ಓಲಗ ಜೋರಾದ ಮೇಲೆ ಏನಾಯಿತು ಅಂತ ಕಣ್ಣಲ್ಲಿ ನೋಡೋವರೆಗೂ ನಾನು ಬಿಡೋದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಹಿಂದಿನ ಬೀದಿಯ ತೆಲುಗಿನವರ ಮನೆಯಲ್ಲಿ ಹಳೇ ಕ್ಯಾಸೆಟ್ಟು ಇಟ್ಟಿದ್ದಾರೆ ಅಂತ ಗೊತ್ತಿತ್ತು. ಆ ಅಕ್ಕನ ಹತ್ತಿರ ಒಂದು ಇಸಕೊಂಡು ಬಂದೆ, ಅವರ ಮಗನ ನಾಮಕರಣದ್ದು. ಅದನ್ನು ಹಾಕಿದರೆ ಅದಕ್ಕೂ ಅದೇ ಚುಕ್ಕೆ, ಅದೇ ಚೊಕ್ಕ ದನಿ. ಸಿಕ್ಕಿಬಿತ್ತಲ್ಲ ಕಳ್ಳ! ಎರಡು ಕ್ಯಾಸೆಟ್ಟೂ ಒಂದೇ ಥರ ಹಾಳಾಗೋದು ಹೇಗೆ? ಕಾಯಿಲೆ ಇರೋದು ಡೆಕ್ಕಿಗೆ. ಸ್ಕ್ರೂಡ್ರೈವರ್ ಕೊಡಿ ಅಂತ ಯಜಮಾನರ ಮುಂದೆ ಕೈ ಚಾಚಿದೆ.

"ಕರೆಂಟ್ ಹೊಡ್ದೀತು, ನಿಂಗೆ ಯಾಕೆ ಬೇಕು ಇವೆಲ್ಲಾ" ಅಂದರು. ನನಗೆ ಯಾಕೆ ಬೇಕು ಅಂತ! ಮದುವೆಗೆ ಮುಂಚೆ ನಾನು ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗ್ತಿದ್ದವಳು. ಸೂಳಗಿರಿಯಿಂದ ಕಂಪನಿ ಬಸ್ಸು, ತಲೆಗೆ ಟೋಪಿ, ಕೈಗೆ ಗ್ಲೌಸು. ಎಳ್ಳಿಗಿಂತ ಸಣ್ಣ ಸಾಮಾನನ್ನು ಚಿಮಟದಲ್ಲಿ ಹಿಡಿದು ಕೂರಿಸೋ ಲೈನಿನಲ್ಲಿ ಕೂರ್ತಿದ್ದೆ. ನಮ್ಮ ಲೈನಿನ ಮೇಲ್ವಿಚಾರಕಿ ಒಬ್ಬ ತಮಿಳು ಅಕ್ಕ, ಹಿಂದೆ ಬಂದು ನಿಂತು ಸದಾ ಒಂದೇ ಮಂತ್ರ: "ತೇಯ್ಕಾದೆ, ಒತ್ತಿ ಎಡು." ತಿಕ್ಕಬೇಡ, ಮೆತ್ತಗೆ ಒತ್ತಿ ತೆಗಿ. ಮದುವೆಯಾದ ಮೇಲೆ ಕೆಲಸ ಬಿಡಿಸಿದರು, ಕೈ ಬಿಡಿಸೋಕೆ ಆಗುತ್ತಾ? ಡೆಕ್ಕು ಹೊಸದರಲ್ಲಿ ಹೆಡ್ ಕ್ಲೀನ್ ಮಾಡೋಕೆ ಒಬ್ಬ ಮನೆಗೆ ಬರ್ತಿದ್ದ. ಟೀ ಕೊಡೋ ನೆಪದಲ್ಲಿ ನಿಂತು ಅವನು ಎಲ್ಲಿ ಮುಟ್ಟುತ್ತಾನೆ, ಎಲ್ಲಿ ಮುಟ್ಟೋದಿಲ್ಲ ಅಂತ ಎಲ್ಲಾ ನೋಡಿಕೊಂಡಿದ್ದೆ. ಆಗ ಹೇಳಿದ್ದರೆ ಯಾರೂ ನಂಬ್ತಿರಲಿಲ್ಲ.

ವೈರೆಲ್ಲಾ ಕಿತ್ತು, ಚಾಪೆ ಮೇಲೆ ಬಿಳಿ ಪಂಚೆ ಹಾಸಿ, ಡೆಕ್ಕಿನ ಮೇಲಿನ ಮುಚ್ಚಳ ತೆಗೆದೆ. ಡೆಕ್ಕಿನ ಒಳಗೆಲ್ಲಾ ಕೆಂಪು. ಧೂಳು ಇರುತ್ತೆ, ಜೇಡನ ಬಲೆ ಇರುತ್ತೆ ಅಂದುಕೊಂಡಿದ್ದೆ. ಕೆಂಪು ಎಲ್ಲಿಂದ ಬಂತು? ಬೆರಳಲ್ಲಿ ಮುಟ್ಟಿ ನೋಡಿದೆ. ಕುಂಕುಮ. ಅದರ ಜೊತೆ ವಿಭೂತಿ, ಒಣಗಿದ ಸೇವಂತಿಗೆ ಎಸಳು, ಮೂಲೆಯಲ್ಲಿ ಒಂದು ಹಿಡಿಯಷ್ಟು ಕಡಲೆಪುರಿ!

"ಅತ್ತೇ!" ಅಂತ ಕೂಗಿದೆ.

ಅತ್ತೆ ಬಂದರು, ಬಗ್ಗಿ ನೋಡಿದರು. ಮುಖದಲ್ಲಿ ಒಂಚೂರೂ ಗಾಬರಿ ಇಲ್ಲ. "ಹೂಂ, ಆಯುಧಪೂಜೇಲಿ ಇಟ್ಟಿದ್ದು. ಕುಡುಗೋಲ್ಗೆ ಇಡಾಕಿಲ್ವಾ, ಪಂಪ್‌ಸೆಟ್ಗೆ ಇಡಾಕಿಲ್ವಾ? ಹಂಗೇ ಇದ್ಕೂ ಇಟ್ಟೆ."

"ಹೊರಗಡೆ ಬೊಟ್ಟು ಇಟ್ಟರೆ ಸಾಲದಾ? ಬಾಯೊಳಗೆ ಯಾಕೆ ಹಾಕಿದ್ರಿ?"

"ನಿಮ್ಮಾವ ಇದ್ದಾಗ ಮ್ಯಾಲೇ ಇಡ್ತಿದ್ದೆ. ಅವ್ರು ಹೋದ್ಮೇಲೆ ಯಾರೂ ಇದ್ರ ಕಡೆ ತಿರ್ಗೂ ನೋಡ್ಲಿಲ್ಲ. ಕ್ಯಾಸೆಟ್ ಹಾಕೋರಿಲ್ಲ, ಪಾಪ ಹಸ್ಕೊಂಡು ಕುಂತಿರ್ತದೆ ಅಂತ ಬಾಗ್ಲು ತಳ್ಳಿ ಒಂಚೂರು ಪುರಿ, ಒಂಚೂರು ಕುಂಕುಮ ಹಾಕ್ತಿದ್ದೆ. ವರ್ಷಕ್ಕೊಂದು ದಿನ ತಾನೆ?"

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ. ಡೆಕ್ಕಿಗೆ ಊಟ ಬಡಿಸಿದ್ದಾರೆ ಮಾರಾಯ್ತಿ! "ಅದಕ್ಕೇ ನೋಡಿ ಹಾಳಾಗಿದ್ದು" ಅಂದೆ.

"ಹಾಳಾಗದಾ? ಪೂಜೆ ಮಾಡಿದ್ಕೇ ಇಷ್ಟ್ ದಿನ ಉಳ್ಕೊಂಡೈತೆ" ಅಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. ಇವರ ಜೊತೆ ವಾದ ಮಾಡಿ ಗೆದ್ದವರು ನಮ್ಮ ವಂಶದಲ್ಲೇ ಇಲ್ಲ.

ಮೊದಲು ಪುರಿ ಎಸಳನ್ನೆಲ್ಲಾ ಚಿಮಟದಲ್ಲಿ ಒಂದೊಂದಾಗಿ ತೆಗೆದೆ. ಪುಡಿಯನ್ನು ಹೊಸ ಪೇಂಟ್ ಬ್ರಷ್ಷಿನಲ್ಲಿ ಗುಡಿಸಿದೆ. ಮೊಬೈಲ್ ರಿಪೇರಿ ಅಂಗಡಿಯಿಂದ ಸರ್ಕ್ಯೂಟ್ ತೊಳೆಯೋ ಸ್ಪಿರಿಟ್ಟು ತರಿಸಿದ್ದೆ. ಹತ್ತಿ ಹಾಕು ಅಂದರು ಯಜಮಾನರು. ಹತ್ತಿಯ ಎಳೆ ಸಿಕ್ಕಿಕೊಂಡರೆ ಹೆಡ್ಡು ಕಿತ್ತೇ ಹೋಗುತ್ತೆ. ಕನ್ನಡಕದ ಅಂಗಡಿಯವರು ಕೊಟ್ಟಿದ್ದ ನುಣ್ಣನೆ ಬಟ್ಟೆ ತಗೊಂಡೆ. ಡೆಕ್ಕಿನ ನಡುವೆ ಲೋಟ ಬೋರಲು ಹಾಕಿದಂತೆ ಒಂದು ಹೊಳೆಯೋ ಉಕ್ಕಿನ ಉರುಳೆ ಇರುತ್ತೆ, ವಾರೆಯಾಗಿ. ಅದರ ಅಂಚಿನಲ್ಲಿರೋ ಚುಕ್ಕೆಯಷ್ಟು ಹೆಡ್ಡೇ ಕ್ಯಾಸೆಟ್ಟಿನಿಂದ ಚಿತ್ರ ಓದೋದು. ದನಿ ಓದೋ ತುಂಡು ಬೇರೆ ಕಡೆ ಇರುತ್ತೆ, ಅದಕ್ಕೇ ದನಿ ಚೆನ್ನಾಗಿತ್ತು. ಬಟ್ಟೆಗೆ ಸ್ಪಿರಿಟ್ ಹಾಕಿ ಉರುಳೆಗೆ ಮೆತ್ತಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಉರುಳೆಯನ್ನು ಮೇಲಿನಿಂದ ತಿರುಗಿಸಬೇಕು. ಬಟ್ಟೆಯನ್ನು ಮೇಲೆ ಕೆಳಗೆ ಎಳೆದರೆ ಮುಗೀತು ಕಥೆ. ತೇಯ್ಕಾದೆ, ಒತ್ತಿ ಎಡು. ಬಟ್ಟೆ ತೆಗೆದರೆ ಎಲೆ ಅಡಿಕೆ ತಿಂದ ಬಾಯಿ ಒರೆಸಿದ ಹಾಗೆ ಕೆಂಪು.

"ಟಾರ್ಚ್ ನೆಟ್ಟಗೆ ಹಿಡೀರಿ, ಗೋಡೆಗಲ್ಲ" ಅಂತ ಎಷ್ಟು ಸಾರಿ ಹೇಳಿದೆನೋ.

ಸ್ಪಿರಿಟ್ ಆರಲಿ ಅಂತ ಕಾದು, ಮತ್ತೆ ವೈರ್ ಸಿಕ್ಕಿಸಿ, ಮೊದಲು ಅಟ್ಟದಲ್ಲಿ ಸಿಕ್ಕಿದ ಒಂದು ಹಾಳುಮೂಳು ಸಿನಿಮಾ ಕ್ಯಾಸೆಟ್ಟು ಹಾಕಿದೆ. ಟೇಪು ಒಳಗೆ ಸುತ್ತಿಕೊಂಡು ಹಾಳಾದರೂ ಅದೇ ಹೋಗಲಿ ಅಂತ. ಚಿತ್ರ ಬಂತು! ಬಂತು, ಆದರೆ ಅರೆಬರೆ. ಒಂದು ಪಟ್ಟೆ ಚಿತ್ರ, ಒಂದು ಪಟ್ಟೆ ಚುಕ್ಕೆ, ನಡುಗುತ್ತಾ ಇತ್ತು. "ಇಷ್ಟಾದ್ರೂ ಬಂತಲ್ಲ, ಸಾಕು" ಅಂದರು ಯಜಮಾನರು. ಸಾಕಂತೆ. ಅರ್ಧ ಮುಖ ಕಂಡರೆ ಅಪ್ಪ ಯಾರು ದೊಡ್ಡಪ್ಪ ಯಾರು ಅಂತ ಗೊತ್ತಾಗುತ್ತಾ? ಅಣ್ಣತಮ್ಮಂದಿರು, ಇಬ್ಬರದೂ ಒಂದೇ ಮೀಸೆ.

ಯೋಚನೆ ಮಾಡಿದೆ. ಅರ್ಧ ಬರ್ತಿದೆ ಅಂದರೆ ಅರ್ಧ ಕೆಲಸ ಆಗಿದೆ. ಹೆಡ್ಡು ಎರಡು ಇರುತ್ತೆ, ಎದುರುಬದುರಾಗಿ. ರಿಪೇರಿಯವನು ಉರುಳೆಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಪಕ್ಕಕ್ಕೂ ಬಟ್ಟೆ ಹಿಡೀತಿದ್ದ. ನಾನು ಆ ಪಕ್ಕಕ್ಕೆ ಬರೋ ಹೊತ್ತಿಗೆ ನನ್ನ ಬಟ್ಟೆಯಲ್ಲಿ ಸ್ಪಿರಿಟ್ಟು ಆರಿಹೋಗಿತ್ತು. ಮತ್ತೆ ಬಿಚ್ಚಿದೆ. ಹೊಸ ಮೂಲೆಗೆ ಸ್ಪಿರಿಟ್ ಹಾಕಿ, ಉಸಿರು ಬಿಗಿಹಿಡಿದು, ಇನ್ನೊಂದು ಹೆಡ್ಡಿಗೆ ಒತ್ತಿದೆ. ಅಂಟಿಕೊಂಡಿದ್ದ ಕೆಂಪು ತುಣುಕೊಂದು ಬಟ್ಟೆಗೆ ಬಂತು, ಜೀರಿಗೆಯಷ್ಟೂ ಇಲ್ಲ. ಅಷ್ಟು ಚಿಕ್ಕದು ನಮ್ಮನ್ನೆಲ್ಲಾ ಇಷ್ಟು ಆಡಿಸಿತ್ತು.

ಈ ಸಾರಿ ಸಿನಿಮಾ ಕ್ಯಾಸೆಟ್ಟು ಗಾಜಿನ ಹಾಗೆ ಬಂತು. ನಾನು ಕೂಗಿದ ಕೂಗಿಗೆ ಒಳಗಿದ್ದ ಮಗಳು ಓಡಿಬಂದಳು. "ಬಂತು ಕಣೆ, ಬಂತು!" ಅಂತ ಅವಳನ್ನು ತಬ್ಬಿಕೊಂಡೆ. ಕೈಯೆಲ್ಲಾ ಕುಂಕುಮ, ಅವಳ ಚೂಡಿದಾರಕ್ಕೂ ಬಳಿದೆ. ಯಜಮಾನರು ಟಾರ್ಚ್ ಆರಿಸೋದನ್ನೇ ಮರೆತು ಹಲ್ಲು ಕಿರಿದುಕೊಂಡು ನಿಂತಿದ್ದರು. ಅತ್ತೆ ಮಾತ್ರ, "ಮದ್ವೇದು ಹಾಕು ನೋಡಾಣ" ಅಂದು ಟೀವಿ ಎದುರಿಗೇ ಮಣೆ ಹಾಕಿಕೊಂಡು ಕೂತರು. ಗೆದ್ದೇ ಗೆಲ್ತೀನಿ ಅನ್ನೋ ಧೈರ್ಯ ಅವರಿಗೆ.

ಮದುವೆ ಕ್ಯಾಸೆಟ್ಟು ಕೈಗೆ ತಗೊಂಡೆ. ಇಷ್ಟೆಲ್ಲಾ ಮಾಡಿ ಅದರಲ್ಲಿ ದೊಡ್ಡಪ್ಪನ ಮುಖವೇ ಇದ್ದರೆ? ತಮ್ಮನಿಗೆ ಏನು ಹೇಳೋದು, ನನಗೇ ನಾನು ಏನು ಹೇಳಿಕೊಳ್ಳೋದು? ಬೇಡ ಅಂತಲೂ ಒಂದು ಸಾರಿ ಅನ್ನಿಸಿತು. ಆದರೂ ಹಾಕಿದೆ.

ಕೆಳಗಡೆ ಒಂದು ಬಿಳಿ ಗೆರೆ ಕುಣೀತಿತ್ತು. ಟ್ರ್ಯಾಕಿಂಗ್ ಗುಂಡಿಯನ್ನು ಚೂರು ಚೂರೇ ತಿರುಗಿಸಿದೆ, ಗೆರೆ ಕೆಳಗಿಳಿದು ಹೋಯಿತು. ನಮ್ಮೂರ ಚಪ್ಪರ ಕಾಣಿಸಿತು. ತೆಂಗಿನ ಗರಿ, ಬಾಳೆ ಕಂಬ, ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿರೋ ನಾನು. ಎಷ್ಟು ಸಣ್ಣಗಿದ್ದೆ! ಪಕ್ಕದಲ್ಲಿ ಮೀಸೆ ಚಿಗುರಿದ ಯಜಮಾನರು. ಎದುರಿಗೆ ಅತ್ತೆ, ಕಪ್ಪು ಕೂದಲು, ಕೆಂಪು ಸೀರೆ. ಐನೋರು ಕೂಗಿದರು, "ಹೆಣ್ಣಿನ ಅಪ್ಪ ಎಲ್ಲಪ್ಪಾ?" ಜನ ಅತ್ತಿತ್ತ ನೋಡಿದರು. ದೊಡ್ಡಪ್ಪ ಮುಂದೆ ಬಂದರು. ನನ್ನ ಕೈ ಹಿಡಿದುಕೊಂಡರು.

"ನೋಡು" ಅಂದರು ಅತ್ತೆ. "ನೋಡ್ದ್ಯಾ?"

ಅಷ್ಟರಲ್ಲಿ ವಿಡಿಯೋದವನಿಗೆ ಏನನ್ನಿಸಿತೋ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ಕ್ಯಾಮೆರಾವನ್ನು ಚಪ್ಪರದ ಹಿಂದಕ್ಕೆ ತಿರುಗಿಸಿದ. ಅಲ್ಲಿ ಒಂದು ಕಂಬ. ಕಂಬಕ್ಕೆ ಹಣೆ ಕೊಟ್ಟುಕೊಂಡು, ಮುಖಕ್ಕೆ ಟವೆಲ್ ಒತ್ತಿಕೊಂಡು ಒಬ್ಬ ಗಂಡಸು ನಿಂತಿದ್ದ. ಭುಜ ಎರಡೂ ಕುಲುಕಾಡುತ್ತಿದ್ದವು. ನನ್ನ ಮುಂದೆ ಒಂದು ದಿನವೂ ಕಣ್ಣೀರು ಹಾಕದ ನಮ್ಮಪ್ಪ.

ಜನರ ಮಧ್ಯೆ ದಾರಿ ಬಿಡಿಸಿಕೊಂಡು ಬಿಳಿ ಪೇಟ ಕಟ್ಟಿದ ಇನ್ನೊಬ್ಬರು ಅವನ ಹತ್ತಿರ ಹೋದರು. ನಮ್ಮ ಮಾವ. ಟೀವಿಯಲ್ಲಿ ಅವರು ಕಾಣಿಸಿದ್ದೇ ತಡ, ಅತ್ತೆ ಕೂತಲ್ಲೇ ಸೆರಗನ್ನು ತಲೆ ಮೇಲೆ ಎಳೆದುಕೊಂಡರು. "ಅಯ್ಯೋ ಇವ್ರು" ಅಂದರು, ಬರೀ ಅಷ್ಟೇ. ಮಾವ ಅಪ್ಪನ ಮುಖದಿಂದ ಟವೆಲ್ ಎಳೆದರು. ತಮ್ಮ ಪಂಚೆಯ ತುದಿಯಲ್ಲಿ ಅಪ್ಪನ ಕಣ್ಣು ಒರೆಸಿದರು. ಅಪ್ಪ ಬರಲ್ಲ ಅಂತ ತಲೆ ಆಡಿಸಿದ. ಮಾವ ಬಿಡಲಿಲ್ಲ, ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. ದೊಡ್ಡಪ್ಪ ನಕ್ಕು ಪಕ್ಕಕ್ಕೆ ಸರಿದರು. ಅಪ್ಪ ನನ್ನ ಕೈ ಹಿಡಿದು ಹಾಲಿಗೆ ಅದ್ದಿದ. ಎತ್ತಿ, ಎದುರಿಗೆ ಚಾಚಿದ್ದ ಬಳೆ ತುಂಬಿದ ಎರಡು ಕೈಗಳಲ್ಲಿ ಇಟ್ಟ. ಆ ಕೈಗಳು ಅತ್ತೆಯವು. ಅತ್ತೆ ಮಾತ್ರ ಆ ಹೊತ್ತಿನಲ್ಲಿ ತಲೆ ತಿರುಗಿಸಿ, ಹೊರಡೋ ವ್ಯಾನಿನವನಿಗೆ ಏನೋ ಕೂಗಿ ಹೇಳ್ತಿದ್ದರು.

ನಾನು ಗೋಳೋ ಅಂತ ಅತ್ತುಬಿಟ್ಟೆ. ಗೆದ್ದಿದ್ದಕ್ಕೋ, ಅಪ್ಪನನ್ನು ಕಂಡಿದ್ದಕ್ಕೋ, ಎರಡಕ್ಕೂ ಇರಬೇಕು. 'ನೋಡಿದ್ರಾ?' ಅಂತ ಅತ್ತೆಯನ್ನು ಕೇಳಬೇಕು ಅಂತ ಇಷ್ಟು ವರ್ಷ ಕಾದಿದ್ದೆ. ಆದರೆ ಕೇಳೋಕೆ ಆಗಲಿಲ್ಲ. ತಲೆ ಮೇಲೆ ಸೆರಗು ಹೊದ್ದು, ತಮ್ಮ ಎರಡು ಅಂಗೈಗಳನ್ನೂ ಮಡಿಲಲ್ಲಿ ಬಿಡಿಸಿಟ್ಟುಕೊಂಡು ಅವನ್ನೇ ನೋಡ್ತಾ ಕೂತಿದ್ದರು.

ಆಮೇಲೆ ಎದ್ದರು. "ನಿನ್ ತಮ್ಮಂಗೆ ಫೋನ್ ಮಾಡು. ಜೋರಾಗಿ ಕೇಳೋ ಹಂಗೆ ಇಕ್ಕು" ಅಂದರು.

ಮಾಡಿದೆ. ಅವನು "ಹೂಂ, ಏನಕ್ಕ" ಅನ್ನುವಷ್ಟರಲ್ಲಿ ಅತ್ತೆ ಫೋನನ್ನು ಕೈಗೆ ತಗೊಂಡರು.

"ನಾನು ಕಣಪ್ಪ. ಫೋನ್ ಇಟ್ಬುಡ್ಬೇಡ, ಕೇಳು. ನಿಮ್ಮಪ್ಪ ಬಂದಿದ್ದ. ಹಾಲಲ್ಲಿ ಕೈ ಅದ್ದಿ ನನ್ ಕೈಗೇ ಇಟ್ಟಿದ್ದ. ನಾನು ಇಸ್ಕೊಂಡಿದ್ದೆ, ಆದ್ರೆ ಮೊಕ ನೋಡಿರ್ಲಿಲ್ಲ. ಈಗ ನೋಡ್ದೆ. ಅವತ್ತು ಅವ್ನು ಅಳ್ತಾ ಬರಲ್ಲ ಅಂತ ನಿಂತಿದ್ದ, ನಮ್ಮ ಯಜಮಾನ್ರು ಹೋಗಿ ರಟ್ಟೆ ಹಿಡ್ದು ಎಳ್ಕೊಂಡು ಬಂದ್ರು. ನೀನೂ ಬರಲ್ಲ ಅಂತಿದ್ದೀಯಂತೆ. ಈಗ ಅವ್ರಿಲ್ಲ. ನಾಳೆ ಬೆಳಿಗ್ಗೆ ಸೂಳಗಿರಿ ಬಸ್ಸತ್ತಿ ನಾನೇ ಬತ್ತೀನಿ, ಎಳ್ಕೊಂಡು ಬರಾಕೆ."

ಆ ಕಡೆ ನನ್ನ ತಮ್ಮ ಮೂಗು ಸೀಟಿಕೊಂಡಿದ್ದು ಮನೆಗೆಲ್ಲಾ ಕೇಳಿಸಿತು. "ನೀವು ಬರ್ಬೇಡಿ ಅತ್ತೆಮ್ಮ, ಬಸ್ಸಲ್ಲಿ ಬಿದ್ಗಿದ್ದೀರ" ಅಂದ. "ನಾನೇ ಬತ್ತೀನಿ."